ಬಾಗುವ ಕೊಳವೆಯ ಚರಿತ್ರೆ: ಕಪಿಲೆಯ ಸೊಂಡಿಲಿನಿಂದ ಹನಿ ನೀರಾವರಿಯವರೆಗೆ

ಕರ್ನಾಟಕದ ಭೌತಿಕ ಸಂಸ್ಕೃತಿಯನ್ನು ಕುರಿತ ಅಧ್ಯಯನಗಳಲ್ಲಿ ನೇಗಿಲು, ಗಾಣ, ರಾಟೆ, ಬೀಸುಕಲ್ಲುಗಳಿಗೆ ದೊರೆತ ಸ್ಥಾನ ಕೊಳವೆಗೆ ದೊರೆತಿಲ್ಲ. ಕೆರೆಯ ತೂಬಿನ ಬಗೆಗೆ ಶಾಸನತಜ್ಞರು ಬರೆದಿದ್ದಾರೆ. ಕೋಟೆ ಕೊತ್ತಲಗಳ ಮಣ್ಣಿನ ಕೊಳವೆಗಳನ್ನು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಆದರೆ ಇವೆಲ್ಲ ಬಿಗಿಯಾದ, ಒಂದೆಡೆ ನೆಲೆನಿಂತ ಕೊಳವೆಗಳು. ದ್ರವವನ್ನು ಸೋರದಂತೆ ಹಿಡಿಯುವ, ಎಳೆದತ್ತ ಬಾಗುವ, ಬಾಗಿದಾಗಲೂ ಒಳದಾರಿ ಮುಚ್ಚಿಹೋಗದ ಕೊಳವೆ ಬೇರೆಯೇ ಜಾತಿಯದು. ಈ ಮೂರು ಗುಣಗಳನ್ನು ಒಂದೇ ವಸ್ತುವಿನಲ್ಲಿ ಕೂಡಿಸುವುದು ಸುಲಭದ ಕೆಲಸವಲ್ಲ. ಕೈಗಾರಿಕಾ ಚರಿತ್ರೆಯ ಗ್ರಂಥಗಳು ಸಾಮಾನ್ಯವಾಗಿ ಇದನ್ನು ಹತ್ತೊಂಬತ್ತನೆಯ ಶತಮಾನದ ರಬ್ಬರು ಉದ್ಯಮದ ಸಾಧನೆಯೆಂದು ಹೇಳಿ ಅಲ್ಲಿಂದ ಕಥೆಯನ್ನು ಆರಂಭಿಸುತ್ತವೆ. ಈ ಆರಂಭಬಿಂದುವನ್ನು ಒಪ್ಪಿಕೊಂಡರೆ ಅದಕ್ಕೂ ಮೊದಲು ತೊಗಲಿನಲ್ಲಿ ಇದೇ ಸಮಸ್ಯೆಯನ್ನು ಬಗೆಹರಿಸಿದ್ದ ಕಸುಬುದಾರರು ಚರಿತ್ರೆಯ ಹೊರಗೆ ಉಳಿದುಬಿಡುತ್ತಾರೆ. ಆ ಕಾರಣದಿಂದ ಇಲ್ಲಿ ಕಥೆಯನ್ನು ಬಾವಿಯ ದಡದಿಂದ ತೊಡಗುವುದು ಯುಕ್ತ.

ಬಯಲುಸೀಮೆಯ ಕಪಿಲೆ ಬಾವಿಗಳು ವಿದ್ಯುತ್ ಪಂಪುಗಳು ಬರುವವರೆಗೂ ತೋಟ, ಗದ್ದೆಗಳಿಗೆ ನೀರುಣಿಸಿದವು. ಕಪಿಲೆಯೆಂದರೆ ಎತ್ತುಗಳು ಬಾವಿಯಿಂದ ಬಾನಿಯನ್ನು ಎಳೆಯುವ ವ್ಯವಸ್ಥೆ ಎಂದಷ್ಟೇ ಹೇಳಿ ಬಿಡುವುದುಂಟು. ಇದು ಪೂರ್ಣ ವಿವರಣೆಯಲ್ಲ. ಬಾನಿಯ ತಳಕ್ಕೆ ಕೂಡಿಸಿದ ತೊಗಲಿನ ಸೊಂಡಿಲೇ ಈ ಯಂತ್ರದ ಮರ್ಮ. ಬಾನಿಯ ಬಾಯಿಗೆ ಕಬ್ಬಿಣದ ಬಳೆ ಇರುತ್ತದೆ. ತಳವು ಮುಚ್ಚಿರದೆ ಕಿರಿದಾಗುತ್ತ ಬಂದು ಎರಡೂ ಕಡೆ ತೆರೆದ ಉದ್ದನೆಯ ಕೊಳವೆಯಾಗುತ್ತದೆ. ದಪ್ಪ ಮಿಣಿ ಬಾವಿಯ ಮೇಲೆ ಎತ್ತರದಲ್ಲಿರುವ ರಾಟೆಯ ಮೂಲಕ ಬಾನಿಯ ಬಾಯಿಗೆ ಹೋಗುತ್ತದೆ. ತೆಳ್ಳಗಿನ ಇನ್ನೊಂದು ಹಗ್ಗ ಬಾವಿಯ ಅಂಚಿನಲ್ಲಿ ತಗ್ಗಾಗಿ ಕೂರಿಸಿದ ಉರುಳೆಯ ಮೇಲಿಂದ ಸೊಂಡಿಲಿನ ತುದಿಗೆ ಹೋಗುತ್ತದೆ. ಎರಡೂ ಹಗ್ಗಗಳ ಮತ್ತೊಂದು ತುದಿ ಎತ್ತುಗಳ ನೊಗದಲ್ಲಿ ಸೇರುತ್ತದೆ.

ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದಂತೆ ಬಾನಿ ಮೇಲೇರುತ್ತದೆ. ಆಗ ಸೊಂಡಿಲು ಮೇಲ್ಮುಖವಾಗಿ ಮಡಿಚಿಕೊಂಡು ಬಾನಿಯ ಪಕ್ಕದಲ್ಲೇ ಸಾಗುತ್ತದೆ; ಅದರ ಬಾಯಿ ಬಾನಿಯೊಳಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಬರದಂತೆ ತೆಳ್ಳಗಿನ ಹಗ್ಗದ ಅಳತೆಯನ್ನು ಇಟ್ಟಿರುತ್ತಾರೆ. ನೀರು ತನ್ನ ಮಟ್ಟವನ್ನು ತಾನೇ ಕಾಯ್ದುಕೊಳ್ಳುವುದರಿಂದ ತಳ ತೆರೆದಿದ್ದರೂ ಹನಿ ಚೆಲ್ಲುವುದಿಲ್ಲ. ಬಾವಿಯ ಅಂಚಿಗೆ ಬಂದಾಗ ಬಾನಿ ಎತ್ತರದ ರಾಟೆಯತ್ತ ಏರುತ್ತಲೇ ಹೋಗುತ್ತದೆ, ಸೊಂಡಿಲಾದರೋ ತಗ್ಗಿನ ಉರುಳೆಯ ಮೇಲೆ ಹಾಯ್ದು ತೊಟ್ಟಿಯತ್ತ ಚಾಚಿಕೊಳ್ಳುತ್ತದೆ. ಬಾನಿಯ ನೀರೆಲ್ಲ ತಾನಾಗಿ ತೊಟ್ಟಿಗೆ ಬೀಳುತ್ತದೆ. ಬಾವಿಯ ಬಳಿ ಬಾನಿಯನ್ನು ಬಗ್ಗಿಸಲು ಇನ್ನೊಬ್ಬ ಆಳು ಬೇಡ; ಎತ್ತು ಹೊಡೆಯುವ ಒಬ್ಬನೇ ಸಾಕು. ಕವಾಟವಿಲ್ಲದ, ಮುಚ್ಚಳವಿಲ್ಲದ ಈ ಸ್ವಯಂಚಾಲಿತ ವ್ಯವಸ್ಥೆ ನಿಂತಿರುವುದು ಕೊಳವೆ ಮಡಿಚಿ ಬಿಚ್ಚಿಕೊಳ್ಳಬಲ್ಲದೆಂಬ ಒಂದೇ ಗುಣದ ಮೇಲೆ. ಮರದ ಕೊಳವೆಯಿಂದಾಗಲಿ ಲೋಹದ ಕೊಳವೆಯಿಂದಾಗಲಿ ಇದು ಆಗುವ ಮಾತಲ್ಲ. ಮುಂದೆ ಬಾನಿಯನ್ನು ಕಬ್ಬಿಣದ ತಗಡಿನಿಂದ ಮಾಡತೊಡಗಿದಾಗಲೂ ಸೊಂಡಿಲು ತೊಗಲಿನದಾಗಿಯೇ ಉಳಿದುದಕ್ಕೆ ಇದೇ ಕಾರಣ.

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಏತ ಮತ್ತು ಕಪಿಲೆಗಳೆರಡನ್ನೂ ಉಲ್ಲೇಖಿಸುತ್ತಾನೆ. ವಸಾಹತು ಕಾಲದ ಇಂತಹ ಬರಹಗಳಲ್ಲಿ ಎತ್ತುಗಳ ಶ್ರಮ, ನೀರಿನ ಪ್ರಮಾಣ, ಖರ್ಚುವೆಚ್ಚಗಳ ಲೆಕ್ಕಕ್ಕೆ ಸಿಗುವ ಗಮನ ಬಾನಿಯನ್ನು ಹೊಲಿಯುವವರಿಗೆ ಸಿಗುವುದು ವಿರಳ. ಆ ಕೆಲಸ ತೊಗಲ ಕಸುಬಿನ ಸಮುದಾಯಗಳದ್ದು. ಆಯಗಾರ ಪದ್ಧತಿಯಿದ್ದ ಊರುಗಳಲ್ಲಿ ಮಿಣಿ, ಬಾನಿ, ಬಾರುಕೋಲುಗಳನ್ನು ಒದಗಿಸಿ ದುರಸ್ತಿ ಮಾಡಿಕೊಡುವ ಹೊಣೆ ಮಾದಿಗ ಮನೆತನಗಳದ್ದಾಗಿದ್ದು, ಸುಗ್ಗಿಯಲ್ಲಿ ಕಣದಿಂದ ದೊರೆಯುವ ಕಾಳು ಅದರ ಪ್ರತಿಫಲವಾಗಿತ್ತು. ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆಯುವುದು, ತಂಗಡಿ ತೊಗಟೆಯ ರಸದಲ್ಲಿ ಹದಮಾಡುವುದು, ಹೊಲಿಗೆಯಲ್ಲಿ ನೀರು ಜಿನುಗದಂತೆ ಅಂಚನ್ನು ಕೂಡಿಸುವುದು, ಕಾಲಕಾಲಕ್ಕೆ ಎಣ್ಣೆ ಉಣಿಸಿ ಮೆದುವಾಗಿ ಇಡುವುದು ಇವೆಲ್ಲ ಕೈಯಿಂದ ಕೈಗೆ ದಾಟಿಬಂದ ತಿಳಿವಳಿಕೆ. ಎಣ್ಣೆ ಕಾಣದ ಸೊಂಡಿಲು ಒಣಗಿ ಸೆಟೆಯುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ. ಸದಾ ನೀರಲ್ಲೇ ಇದ್ದರೆ ಕೊಳೆಯುತ್ತದೆ. ಈ ಎರಡರ ನಡುವಿನ ಹದವನ್ನು ಬಲ್ಲವರನ್ನು ಊರಿನ ಹೊರಗಿರಿಸಿ, ಅವರು ಹೊಲಿದ ತೊಗಲಿನಿಂದ ಬಂದ ನೀರನ್ನು ಊರೊಳಗಿನವರ ತೋಟಗಳು ಕುಡಿದವೆಂಬುದನ್ನು ಕಪಿಲೆಯ ಚರಿತ್ರೆ ಬರೆಯುವವರು ಬದಿಗಿಡುವಂತಿಲ್ಲ. ಕಪಿಲೆ ಹೊಡೆಯುವವರ ಪದಗಳನ್ನು ಜಾನಪದ ಸಂಗ್ರಾಹಕರು ಆಸ್ಥೆಯಿಂದ ಕಲೆಹಾಕಿದರು. ಬಾನಿ ಹೊಲಿಯುವವರ ಕಸುಬಿನ ನುಡಿಗಟ್ಟಿಗೆ ಅಷ್ಟೇ ಆಸ್ಥೆ ದೊರೆಯಲಿಲ್ಲ. ಹಾಡು ಮಾತ್ರ ಜಾನಪದ, ಹೊಲಿಗೆ ಅಲ್ಲ ಎಂಬ ಹಳೆಯ ಗ್ರಹಿಕೆಯ ಫಲವಿದು.

ತೊಗಲಿನ ಕೊಳೆಯುವ ಗುಣವನ್ನು ಗೆಲ್ಲಲು ನಡೆದ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಮದರಾಸಿನ ಕಲಾಶಾಲೆಯ ಮುಖ್ಯಸ್ಥನಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ರೋಮ್ ಲವಣಗಳಿಂದ ತೊಗಲನ್ನು ಹದಮಾಡುವ ವಿಧಾನವನ್ನು ದಕ್ಷಿಣ ಭಾರತದಲ್ಲಿ ಪ್ರಯೋಗಕ್ಕೆ ತಂದನು. ಇಂದು ಕ್ರೋಮ್ ತೊಗಲೆಂದರೆ ಪಾದರಕ್ಷೆ ನೆನಪಾಗುತ್ತದೆ. ಆದರೆ ಅವನ ಮೂಲ ಉದ್ದೇಶಗಳಲ್ಲಿ ಒಂದು ನೀರಿನಲ್ಲಿ ಬಹುಕಾಲ ಬಾಳುವ ಬಾವಿಯ ಬಾನಿಯನ್ನು ರೂಪಿಸುವುದಾಗಿತ್ತು. ಇದೇ ವ್ಯಕ್ತಿ ಬಾವಿಗಳಿಗೆ ಎಣ್ಣೆ ಎಂಜಿನ್ನು ಹಾಗೂ ಪಂಪುಗಳನ್ನು ಅಳವಡಿಸುವ ಪ್ರಚಾರವನ್ನೂ ಕೈಗೊಂಡನು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕನಾದನು. ಕಪಿಲೆಯನ್ನು ಬಲಪಡಿಸುವ ಕೆಲಸವೂ ಅದನ್ನು ಇಲ್ಲವಾಗಿಸುವ ಕೆಲಸವೂ ಒಬ್ಬನ ಕೈಯಲ್ಲೇ ಒಟ್ಟಿಗೆ ನಡೆದದ್ದು ವಿಚಿತ್ರವಾದರೂ ನಿಜ.

ಯುರೋಪಿನಲ್ಲಿಯೂ ಬಾಗುವ ಕೊಳವೆಯ ಚರಿತ್ರೆ ತೊಗಲಿನಿಂದಲೇ ತೊಡಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಚಿತ್ರಕಾರ ಯಾನ್ ವಾನ್ ಡರ್ ಹೈಡನ್ 1672ರಲ್ಲಿ ತನ್ನ ಸಹೋದರನೊಡನೆ ಸೇರಿ ಬೆಂಕಿ ನಂದಿಸುವ ಪಂಪಿಗೆ ತೊಗಲಿನ ಉದ್ದನೆಯ ಕೊಳವೆಯನ್ನು ಜೋಡಿಸಿದನು. ಅದುವರೆಗೆ ಪಂಪನ್ನು ಬೆಂಕಿಯ ಎದುರಿಗೇ ತಂದು ನಿಲ್ಲಿಸಿ ದೂರದಿಂದ ನೀರು ಚಿಮ್ಮಿಸಬೇಕಾಗಿತ್ತು. ಕೊಳವೆ ಬಂದ ಮೇಲೆ ಮನೆಯೊಳಕ್ಕೆ ಹೊಕ್ಕು ಬೆಂಕಿಯ ಬುಡಕ್ಕೆ ನೀರು ಹಾಯಿಸುವುದು ಸಾಧ್ಯವಾಯಿತು. ಹೊಲಿಗೆಯ ಸಾಲು ಒತ್ತಡಕ್ಕೆ ಬಿಚ್ಚಿಕೊಳ್ಳುವುದು ಅಲ್ಲಿನ ಕಸುಬುದಾರರ ತೊಡಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೊಲಿಗೆಯ ಬದಲು ಲೋಹದ ರಿವೆಟ್ಟುಗಳನ್ನು ಬಡಿದು ಈ ತೊಡಕನ್ನು ನಿವಾರಿಸಿದರು.

ಹೆಸರುಗಳ ಸಾಕ್ಷ್ಯವೂ ಕುತೂಹಲಕರವಾಗಿದೆ. ಡಚ್ ಭಾಷೆಯಲ್ಲಿ ಬಾಗುವ ಕೊಳವೆಗೆ ಇರುವ 'ಸ್ಲಾಂಗ್' ಎಂಬ ಪದಕ್ಕೆ ಹಾವು ಎಂದೇ ಅರ್ಥ. ಜರ್ಮನಿನ 'ಶ್ಲೌಖ್' ಮೂಲತಃ ಹಾವಿನ ಪೊರೆ, ತೊಗಲಿನ ಚೀಲ ಎಂಬ ಅರ್ಥಗಳನ್ನು ಹೊಂದಿದ್ದ ಪದ. ಇಂಗ್ಲಿಷಿನ 'ಹೋಸ್' ಕಾಲಿಗೆ ತೊಡುವ ಉಡುಪಿನ ಹೆಸರು. ಕನ್ನಡವು ಆನೆಯ ಸೊಂಡಿಲನ್ನು ಆರಿಸಿಕೊಂಡಿತು. ಬಿಗಿಯಾದ ಕೊಳವೆಗೆ ಬಿದಿರು, ನಳದಂತಹ ಸಸ್ಯಲೋಕದ ಹೋಲಿಕೆ ಸಿಕ್ಕರೆ ಬಾಗುವ ಕೊಳವೆಗೆ ಪ್ರಾಣಿಯ ಮತ್ತು ದೇಹದ ಹೋಲಿಕೆಯೇ ಸಿಗುತ್ತದೆ. ತಯಾರಿಕೆಯ ವಸ್ತು ಪ್ರಾಣಿಯ ತೊಗಲಾಗಿದ್ದುದರ ನೆನಪು ಇದರಲ್ಲಿ ಉಳಿದಿರಬಹುದು.

ರಬ್ಬರಿನ ಪ್ರವೇಶವೂ ಬುಡಕಟ್ಟು ಜನರ ತಿಳಿವಳಿಕೆಯ ಮೂಲಕವೇ ಆಯಿತು. ಫ್ರೆಂಚ್ ವಿಜ್ಞಾನಿ ಲಾ ಕಾಂಡಮೀನ್ 1736ರಲ್ಲಿ ದಕ್ಷಿಣ ಅಮೆರಿಕದಿಂದ ಪ್ಯಾರಿಸ್ಸಿಗೆ ರಬ್ಬರಿನ ಮಾದರಿಯನ್ನು ಕಳಿಸಿದನು. ಅಮೆಜಾನ್ ಕಣಿವೆಯ ಒಮಾಗುವ ಜನರು ಮರದ ಹಾಲನ್ನು ಅಚ್ಚಿನ ಮೇಲೆ ಪದರ ಪದರವಾಗಿ ಬಳಿದು ಒಣಗಿಸಿ, ತುದಿಗೆ ಪೊಳ್ಳು ಕಡ್ಡಿ ಸಿಕ್ಕಿಸಿ, ಹಿಚುಕಿದರೆ ದ್ರವ ಚಿಮ್ಮುವ ಪಿಚಕಾರಿಯನ್ನು ಮಾಡುತ್ತಿದ್ದುದನ್ನು ಅವನು ವರದಿ ಮಾಡಿದನು. ಪೋರ್ಚುಗೀಸರು ಆ ಮರಕ್ಕೆ ಪಿಚಕಾರಿಯ ಮರವೆಂದೇ ಹೆಸರಿಟ್ಟರು. ಬ್ರೆಜಿಲಿನಲ್ಲಿ ರಬ್ಬರು ಮರ ಇಂದಿಗೂ 'ಸೆರಿಂಗೈರ'. 1768ರಲ್ಲಿ ರಸಾಯನಜ್ಞ ಮಾಕೇರ್ ರಬ್ಬರನ್ನು ಈಥರಿನಲ್ಲಿ ಕರಗಿಸಿ ಮೇಣದ ಅಚ್ಚಿನ ಮೇಲೆ ಲೇಪಿಸಿ, ಬಳಿಕ ಮೇಣವನ್ನು ಕರಗಿಸಿ ತೆಗೆದು ಕೊಳವೆಯನ್ನು ಪಡೆಯುವ ವಿಧಾನವನ್ನು ತಿಳಿಸಿದನು. ಅಚ್ಚಿನ ಮೇಲೆ ಬಳಿಯುವ ಅಮೆಜಾನಿನ ಕ್ರಮವೇ ಇಲ್ಲಿ ಪ್ರಯೋಗಶಾಲೆಯ ವೇಷ ತೊಟ್ಟಿದೆ.

ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕದೊಡನೆ ಕಾಯಿಸಿದರೆ ಈ ದೋಷ ನೀಗುವುದೆಂದು ಕಂಡುಕೊಂಡನು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ 1843ರಲ್ಲಿ ಇದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಗುಡ್‌ಇಯರ್‌ಗೆ ಅಮೆರಿಕದ ಹಕ್ಕುಪತ್ರ ದೊರೆತದ್ದು 1844ರಲ್ಲಿ. 1870ರಲ್ಲಿ ಆಕ್ರನ್ ಪಟ್ಟಣದಲ್ಲಿ ಆರಂಭವಾದ ಗುಡ್‌ರಿಚ್ ಕಾರ್ಖಾನೆಯ ಮೊದಲ ಸರಕುಗಳಲ್ಲಿ ಹತ್ತಿಬಟ್ಟೆಯ ಹೊದಿಕೆಯ ಅಗ್ನಿಶಾಮಕ ಕೊಳವೆಯೂ ಒಂದು. ರಬ್ಬರು ಕೊಳವೆಯ ತಯಾರಿಕೆಯಲ್ಲಿ ಅಂದಿನಿಂದ ಮೂಲ ಹಂತಗಳು ಹೆಚ್ಚು ಬದಲಾಗಿಲ್ಲ. ರಬ್ಬರಿಗೆ ಮಸಿ, ಗಂಧಕ, ಸತುವಿನ ಆಕ್ಸೈಡ್ ಮೊದಲಾದವನ್ನು ಕೂಡಿಸಿ ಉರುಳೆಗಳ ನಡುವೆ ನಾದುತ್ತಾರೆ. ತಿರುಪು ಯಂತ್ರದಿಂದ ಒಳಕೊಳವೆಯನ್ನು ಹೊರದೂಡಿ ಉದ್ದನೆಯ ಸರಳಿನ ಮೇಲೆ ಏರಿಸುತ್ತಾರೆ. ಅದರ ಮೇಲೆ ನೂಲಿನ ಹೆಣಿಗೆ ಅಥವಾ ಬಟ್ಟೆಯ ಸುತ್ತು, ಹೆಚ್ಚಿನ ಒತ್ತಡದ ಕೆಲಸಕ್ಕಾದರೆ ಉಕ್ಕಿನ ತಂತಿ. ಅದರ ಮೇಲೆ ರಬ್ಬರಿನ ಹೊರಹೊದಿಕೆ. ಇಡಿಯದನ್ನು ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಹಬೆಯ ಕಡಾಯದಲ್ಲಿ ಬೇಯಿಸುತ್ತಾರೆ. ಕೊನೆಗೆ ಗಾಳಿಯ ಅಥವಾ ನೀರಿನ ಒತ್ತಡದಿಂದ ಸರಳನ್ನು ಹೊರತೆಗೆಯುತ್ತಾರೆ. ಒತ್ತಡವನ್ನು ತಡೆಯುವುದು ನೂಲು, ಸೋರಿಕೆಯನ್ನು ತಡೆಯುವುದು ರಬ್ಬರು. ಈ ಶ್ರಮವಿಭಜನೆ ರಬ್ಬರು ಕೊಳವೆಯನ್ನು ತೊಗಲಿನಿಂದ ಬೇರ್ಪಡಿಸುತ್ತದೆ. ತೊಗಲಿನಲ್ಲಿ ಎರಡು ಕೆಲಸವನ್ನೂ ಒಂದೇ ಪದರ ಮಾಡುತ್ತಿತ್ತು.

ಕನ್ನಡ ನಾಡಿನಲ್ಲಿ ಇಂತಹ ಕೊಳವೆ ದೊಡ್ಡ ಕೈಗಾರಿಕೆಯ ಅಂಗವಾಗಿ ಬಂದುದಕ್ಕೆ ಕೋಲಾರದ ಚಿನ್ನದ ಗಣಿಗಳು ಮುಖ್ಯ ನಿದರ್ಶನ. 1880ರಿಂದ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದವು. ಅಷ್ಟು ಆಳದಲ್ಲಿ ಬಂಡೆ ಕೊರೆಯುವ ಯಂತ್ರ ನಡೆಯುವುದು ಒತ್ತಿದ ಗಾಳಿಯಿಂದ. ಮೇಲಿನಿಂದ ಕಬ್ಬಿಣದ ಕೊಳವೆಗಳಲ್ಲಿ ಬಂದ ಗಾಳಿ ಕಟ್ಟಕಡೆಯ ಕೆಲವು ಮಾರು ದೂರವನ್ನು ರಬ್ಬರು ಕೊಳವೆಯಲ್ಲೇ ಕ್ರಮಿಸಬೇಕು, ಏಕೆಂದರೆ ಯಂತ್ರವು ಕೊರೆಯುವವನ ಕೈಯೊಡನೆ ಚಲಿಸುತ್ತದೆ. ಒಣ ಕೊರೆತದಿಂದ ಏಳುವ ಕಲ್ಲುದೂಳು ಶ್ವಾಸಕೋಶವನ್ನು ತಿನ್ನುತ್ತದೆ; ಅದನ್ನು ಅಡಗಿಸುವ ಉಪಾಯವೆಂದರೆ ಕೊರೆಯುವ ತುದಿಗೆ ನೀರು ಒಯ್ಯುವ ಎರಡನೆಯ ಕೊಳವೆ. 1940ರ ದಶಕದಲ್ಲಿ ಈ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ರೋಗದ ವೈದ್ಯಕೀಯ ಸಮೀಕ್ಷೆ ನಡೆಯಿತು. ಗಾಳಿಯ ಕೊಳವೆ ಉತ್ಪಾದನೆಯದು, ನೀರಿನ ಕೊಳವೆ ಆಯುಷ್ಯದ್ದು. ಯಾವುದು ಮೊದಲು ಗಣಿಗೆ ಇಳಿಯಿತೆಂಬುದನ್ನು ಕೈಗಾರಿಕೆಯ ಚರಿತ್ರೆ ಎಲ್ಲೆಡೆಯೂ ಒಂದೇ ರೀತಿಯಲ್ಲಿ ದಾಖಲಿಸಿದೆ. ಕೋಲಾರದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು.

ಮಲೆನಾಡಿನಲ್ಲಿ ಕೊಳವೆ ಬೇರೊಂದು ದಾರಿಯಿಂದ ಬಂದಿತು. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಬೆಳೆಗಾರರ ಹಳೆಯ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟುವುದು. ಮಳೆ ನೀರು ಗೊನೆಗೆ ತಾಗದಂತೆ ಹಾಳೆಯ ಹೊದಿಕೆ ಮಾಡಿ ಮರವೇರಿ ಕಟ್ಟಬೇಕಾಗಿತ್ತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಶಿಲೀಂಧ್ರವೇ ಕಾರಣವೆಂಬುದನ್ನು ವಿವರವಾಗಿ ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದನು. ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣದ ಸಿಂಪಡಣೆಯನ್ನು ಪ್ರಚಾರಕ್ಕೆ ತಂದನು. ಔಷಧಿಯ ಪಾತ್ರೆ ಮತ್ತು ಪಂಪು ನೆಲದ ಮೇಲೆ, ಗೊನೆ ಮರದ ತುದಿಯಲ್ಲಿ. ನಡುವಿನ ಎತ್ತರವನ್ನು ತುಂಬುವುದು ಕೊಳವೆ. ಮರವೇರುವ ಕುಶಲಿಯು ಅದರ ತುದಿಯನ್ನು ಹಿಡಿದು ಮೇಲೇರಿ ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಾಯುತ್ತಾನೆ, ಕೆಳಗಿನವನು ಪಂಪು ಒತ್ತುತ್ತ ಕೊಳವೆಯನ್ನು ಸಡಿಲಿಸಿ ಕೊಡುತ್ತಾನೆ. ಕೊಟ್ಟೆ ಕಟ್ಟುವ ಕಾಲದ ಮರವೇರುವ ಕೌಶಲ ಹಾಗೆಯೇ ಉಳಿದು, ಅದಕ್ಕೆ ಕೊಳವೆಯ ಭಾರವೊಂದು ಸೇರಿತು. ಯಂತ್ರ ಬಂದಾಗ ಕಸುಬು ಅಳಿಯುತ್ತದೆಂಬ ಸಾಮಾನ್ಯ ಮಾತು ಇಲ್ಲಿ ಪೂರ್ಣವಾಗಿ ಅನ್ವಯಿಸುವುದಿಲ್ಲ. ಅಪಾಯ ಮಾತ್ರ ಏರುವವನ ಪಾಲಿಗೇ ಉಳಿಯಿತು. ಬೀಳುವ ಭಯದ ಜೊತೆಗೆ ಕೊಳವೆಯ ಕೀಲಿನಿಂದ ಸೋರಿದ ಮೈಲುತುತ್ತದ ನೀರು ಅವನ ಮೈಮೇಲೆ ಇಳಿಯುತ್ತದೆ.

ಪ್ಲಾಸ್ಟಿಕ್ ಕೊಳವೆಯ ಕಥೆ ಇನ್ನೂ ಈಚಿನದು. ಪಿವಿಸಿಯನ್ನು ಜರ್ಮನಿಯ ಬೌಮನ್ 1872ರಲ್ಲಿ ವಿವರಿಸಿದ್ದರೂ ಗಡುಸಾದ ಆ ಪುಡಿ ದೀರ್ಘಕಾಲ ನಿರುಪಯುಕ್ತವಾಗಿ ಉಳಿಯಿತು. 1926ರಲ್ಲಿ ಗುಡ್‌ರಿಚ್ ಕಂಪೆನಿಯ ವಾಲ್ಡೊ ಸೆಮನ್ ಅದನ್ನು ನಿಧಾನವಾಗಿ ಆವಿಯಾಗುವ ಎಣ್ಣೆಯಂತಹ ದ್ರವಗಳೊಡನೆ ಕಾಯಿಸಿದಾಗ ರಬ್ಬರಿನಂತೆ ಬಳುಕುವ ವಸ್ತು ದೊರೆಯಿತು. ತೋಟದ ನೀರಿನ ಹಸಿರು ಪೈಪು, ಆಸ್ಪತ್ರೆಯ ರಕ್ತದ ಕೊಳವೆ, ಗಾರೆ ಕೆಲಸದವರ ಪಾರದರ್ಶಕ ಮಟ್ಟದ ಕೊಳವೆ ಎಲ್ಲವೂ ಇದರ ಸಂತಾನ. ತಯಾರಿಕೆ ರಬ್ಬರಿಗಿಂತ ಸರಳ: ಪುಡಿಗೆ ಮೆದುಕಾರಕ, ಬಣ್ಣ, ಸ್ಥಿರಕಾರಕಗಳನ್ನು ಬೆರೆಸಿ, ಕಾದ ತಿರುಪು ಯಂತ್ರದ ಮೂತಿಯಿಂದ ಹೊರದೂಡಿ, ಪಾಲಿಯೆಸ್ಟರ್ ನೂಲಿನ ಜಾಲ ಹೆಣೆದು, ಮೇಲೊಂದು ಪದರ ಹೊದಿಸಿ, ತಣ್ಣೀರಿನ ತೊಟ್ಟಿಯಲ್ಲಿ ಹಾಯಿಸಿ ಸುರುಳಿ ಸುತ್ತುತ್ತಾರೆ. ಬೇಯಿಸುವ ಹಂತವೇ ಇಲ್ಲ.

ಮೆದುಕಾರಕವೆಂಬ ಈ ಎಣ್ಣೆಯ ಪಾತ್ರವನ್ನು ತೊಗಲಿನ ಕಸುಬಿನೊಡನೆ ಹೋಲಿಸಿ ನೋಡಬೇಕು. ಒಣ ತೊಗಲಿನ ನಾರುಗಳು ಒಂದಕ್ಕೊಂದು ಅಂಟಿ ಸೆಟೆಯುತ್ತವೆ. ಉಣಿಸಿದ ಎಣ್ಣೆ ಅವುಗಳ ನಡುವೆ ಸೇರಿ ಜಾರಲು ಎಡೆಮಾಡಿಕೊಡುತ್ತದೆ. ಪಿವಿಸಿಯ ಅಣುಸರಪಳಿಗಳ ನಡುವೆ ಮೆದುಕಾರಕ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಬಿಸಿಲಿಗೆ ಬಿದ್ದ ಹಳೆಯ ಪೈಪಿನಿಂದ ಆ ಎಣ್ಣೆ ಕ್ರಮೇಣ ಹೊರಬಿದ್ದಾಗ ಪೈಪು ಸೆಟೆದು ಮಡಿಕೆಯಲ್ಲಿ ಬಿರಿಯುತ್ತದೆ, ಎಣ್ಣೆ ಕಾಣದ ಸೊಂಡಿಲಿನಂತೆಯೇ. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಬಾನಿಗೆ ಮತ್ತೆ ಎಣ್ಣೆ ಉಣಿಸಬಲ್ಲ, ತೇಪೆ ಹೊಲಿಯಬಲ್ಲ ಕಸುಬುದಾರ ಊರಲ್ಲೇ ಇದ್ದನು. ಬಿರಿದ ಪೈಪಿಗೆ ಆ ಚಿಕಿತ್ಸೆಯಿಲ್ಲ. ಅದನ್ನು ಕತ್ತರಿಸಿ ಎಸೆದು ಹೊಸದನ್ನು ಕೊಳ್ಳಬೇಕು. ಹೊರಬೀಳುವ ಎಣ್ಣೆಯೂ ನಿರಪಾಯಕಾರಿಯಲ್ಲವೆಂಬ ಕಾರಣದಿಂದ ಯುರೋಪಿನ ಒಕ್ಕೂಟವು 2005ರಲ್ಲಿ ಥ್ಯಾಲೇಟ್ ಜಾತಿಯ ಕೆಲವು ಮೆದುಕಾರಕಗಳನ್ನು ಮಕ್ಕಳ ಆಟಿಕೆಗಳಲ್ಲಿ ಬಳಸದಂತೆ ನಿರ್ಬಂಧಿಸಿತು.

ಪಾಲಿಥಿನ್ 1933ರಲ್ಲಿ ಇಂಗ್ಲೆಂಡಿನ ಐಸಿಐ ಪ್ರಯೋಗಶಾಲೆಯಲ್ಲಿ ದೊರೆತದ್ದು. ಅದಕ್ಕೆ ಮೆದುಕಾರಕ ಬೇಡ; ಬಿಸಿಲಿನ ಹೊಡೆತ ತಡೆಯಲು ಮಸಿ ಬೆರೆಸಿದರೆ ಸಾಕು. ಹನಿ ನೀರಾವರಿಯ ಕೊಳವೆಗಳು ಕಪ್ಪಾಗಿರುವುದು ಇದರಿಂದಲೇ. ಇಸ್ರೇಲಿನ ಸಿಮ್ಹಾ ಬ್ಲಾಸ್ ರೂಪಿಸಿದ ಹನಿ ಸಾಧನವನ್ನು ಆಧರಿಸಿ 1965ರಲ್ಲಿ ಹತ್ಸೆರಿಮ್ ಕಿಬ್ಬುತ್ಸ್‌ನಲ್ಲಿ ನೆಟಾಫಿಮ್ ಸಂಸ್ಥೆ ಆರಂಭವಾಯಿತು; ಮುಂದಿನ ದಶಕಗಳಲ್ಲಿ ಈ ಪದ್ಧತಿ ಕೋಲಾರ, ವಿಜಯಪುರದಂತಹ ಒಣಸೀಮೆಯ ತೋಟಗಳಿಗೂ ಬಂದಿತು. ಮಲೆನಾಡಿನಲ್ಲಿ ಗುಡ್ಡದ ಅಬ್ಬಿ ನೀರನ್ನು ಮನೆಯಂಗಳಕ್ಕೆ ತರುತ್ತಿದ್ದ ಅಡಿಕೆ ದಬ್ಬೆಗಳ ಸಾಲನ್ನೂ ಕಪ್ಪು ಕೊಳವೆ ತೆಗೆದುಹಾಕಿತು. ದಬ್ಬೆಯ ದಾರಿಗೆ ನೆಲದ ಏರಿಳಿತದ ಸೂಕ್ಷ್ಮ ಅರಿವು ಬೇಕಾಗಿತ್ತು; ಎಲ್ಲಿಯೂ ಒಂದಂಗುಲ ಮೇಲೇರುವಂತಿರಲಿಲ್ಲ. ಮುಚ್ಚಿದ ಕೊಳವೆಗೆ ಆ ಕಟ್ಟುಪಾಡಿಲ್ಲ, ನಡುವೆ ದಿಬ್ಬ ಬಂದರೂ ಮೂಲದ ಎತ್ತರ ಅದಕ್ಕಿಂತ ಹೆಚ್ಚಿದ್ದರೆ ನೀರು ದಾಟುತ್ತದೆ. ಹೆಂಗಸರಿಗೂ ಮಕ್ಕಳಿಗೂ ಇದರಿಂದ ಆದ ಅನುಕೂಲ ಅಪಾರ. ದಬ್ಬೆಯ ಕಾಲವನ್ನು ಬಣ್ಣಿಸುವಾಗ ಹಳತೆಂಬ ಮೋಹಕ್ಕೆ ಬಿದ್ದು ಇದನ್ನು ಮರೆಯಬಾರದು.

ಕಪಿಲೆ ನಿಂತ ಮೇಲೆ ಬಾನಿ ಹೊಲಿಯುವವರು ಏನಾದರೆಂಬ ಪ್ರಶ್ನೆಗೆ ಒಂದು ಭಾಗಶಃ ಉತ್ತರ ಸಂತೆಗಳಲ್ಲಿ ದೊರೆಯುತ್ತದೆ. ಲಾರಿಯ ಹಳೆಯ ಟೈರು, ಟ್ಯೂಬುಗಳನ್ನು ಕತ್ತರಿಸಿ ಸೇದುವ ಬಾವಿಯ ಬಕೆಟ್ಟು, ಟೈರಿನ ಮೆಟ್ಟು, ಹೊರೆ ಬಿಗಿಯುವ ಪಟ್ಟಿಗಳನ್ನು ಮಾಡುವ ಕೆಲಸಕ್ಕೆ ತೊಗಲಿನ ಉಳಿ, ದಬ್ಬಳ, ಹೊಲಿಗೆಯ ಕೌಶಲಗಳೇ ಒದಗಿಬಂದವು. ಸೋರುವ ಪೈಪಿನ ಕೀಲಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ ಬಿಗಿಯುವ ರೂಢಿ ಎಲ್ಲ ಹಳ್ಳಿಗಳಲ್ಲೂ ಇದೆ.

ರಬ್ಬರಿನ ಮೂಲದಲ್ಲಿ ನಿಂತವರ ಚರಿತ್ರೆಯೂ ಇದೇ ನಾಡಿಗೆ ಸೇರಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಮೆಜಾನಿನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ ಸುಮಾರು 70,000 ಬೀಜಗಳಲ್ಲಿ ಮೊಳೆತವು ಕೆಲವೇ ಸಾವಿರ. ಅವುಗಳಲ್ಲಿ ಬಹುಪಾಲು ಸಸಿಗಳು ಸಿಲೋನಿಗೆ ಹೋದವು. ಅದೇ ದ್ವೀಪದ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ತಮಿಳು ಕೂಲಿಕಾರರಲ್ಲಿ ಲಕ್ಷಾಂತರ ಜನರು 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇರೆಗೆ ಭಾರತಕ್ಕೆ ಮರಳಬೇಕಾಯಿತು. ಅವರಲ್ಲಿ ಒಂದು ಭಾಗಕ್ಕೆ ನೆಲೆಯೊದಗಿಸಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿ ರಬ್ಬರು ತೋಟಗಳನ್ನು ಬೆಳೆಸಲಾಯಿತು; 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಅವುಗಳನ್ನು ನಡೆಸಿಕೊಂಡು ಬಂದಿದೆ. ನಸುಕಿನಲ್ಲಿ ಎದ್ದು ಮರದ ತೊಗಟೆಯನ್ನು ಓರೆಯಾಗಿ ತೆಳ್ಳಗೆ ಕೆತ್ತಿ ಹಾಲು ಇಳಿಸುವ ಈ ಕೆಲಸದಲ್ಲಿ ಕತ್ತಿ ತುಸು ಆಳಕ್ಕೆ ಹೋದರೂ ಮರ ಗಾಯಗೊಳ್ಳುತ್ತದೆ, ತುಸು ಮೇಲಾದರೂ ಹಾಲು ಇಳಿಯದು. ತುಳು, ಕನ್ನಡ, ಅರೆಭಾಷೆಗಳ ನಡುವೆ ತಮಿಳನ್ನು ಉಳಿಸಿಕೊಂಡಿರುವ ಈ ಕಾಲೊನಿಗಳ ಕಸುಬಿನ ನುಡಿ, ಹಾಡು, ವಲಸೆಯ ನೆನಪುಗಳ ವ್ಯವಸ್ಥಿತ ಸಂಗ್ರಹ ಆಗಬೇಕಾಗಿದೆ. ಸಿಲೋನಿನ ತೋಟಗಳಲ್ಲಿ ಹುಟ್ಟಿ ಬೆಳೆದ ಮೊದಲ ತಲೆಮಾರಿನವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.